ಪಿಕಪ್ ವಾಹನಕ್ಕೆ ಸಲಕರಣೆ ಪೆಟ್ಟಿಗೆ: ಬಾಳಿಕೆಯ ಲೆಕ್ಕಾಚಾರ

ಪಿಕಪ್ ವಾಹನ ಕೊಳ್ಳುವ ವರ್ತಕನು ಎಂಜಿನ್, ಇಂಧನ, ಸಾಲದ ಕಂತು, ಮರುಮಾರಾಟದ ಬೆಲೆ ಎಲ್ಲವನ್ನೂ ತಿಂಗಳುಗಟ್ಟಲೆ ವಿಚಾರಿಸುತ್ತಾನೆ. ಆ ವಾಹನದ ಹಿಂಬದಿಯ ಟ್ರೇಯಲ್ಲಿ ಕೂರಿಸುವ ಸಲಕರಣೆ ಪೆಟ್ಟಿಗೆಯ ವಿಷಯ ಬಂದಾಗ ಮಾತ್ರ ವೆಲ್ಡಿಂಗ್ ಶಾಪಿಗೆ ಒಂದು ದೂರವಾಣಿ ಕರೆ ಮಾಡಿ, ಅಳತೆ ಹೇಳಿ, ದರ ಚೌಕಾಸಿ ಮಾಡಿ ಮುಗಿಸಿಬಿಡುತ್ತಾನೆ. ಕೆಲವು ಸಾವಿರ ರೂಪಾಯಿಯ ವಸ್ತುವಿಗೆ ಇಷ್ಟು ಸಾಕೆಂಬುದು ಸಾಮಾನ್ಯ ಭಾವನೆ. ಆದರೆ ಪೆಟ್ಟಿಗೆಯ ಬೆಲೆಯನ್ನು ಪೆಟ್ಟಿಗೆಯಿಂದ ಅಳೆಯುವುದು ಸರಿಯಲ್ಲ. ಅದರೊಳಗೆ ಇರುವ ವಸ್ತುವಿನಿಂದ ಅಳೆಯಬೇಕು.

ಮೂಡುಬಿದಿರೆ–ಕಾರ್ಕಳ ಹೆದ್ದಾರಿಯ ಮೇಲಿರುವ ಬೆಳುವಾಯಿಯನ್ನೇ ತೆಗೆದುಕೊಳ್ಳಬಹುದು. ಇಲ್ಲಿಂದ ಶಿರ್ತಾಡಿ, ಅಳಿಯೂರು, ಕಾಂತಾವರದ ಕಡೆಯ ತೋಟಗಳಿಗೆ ಪಂಪು ಇಳಿಸುವವರು, ವಿದ್ಯುತ್ ಗುತ್ತಿಗೆದಾರರು, ಅಡಿಕೆ ಸುಲಿಯುವ ಯಂತ್ರ ಹಾಗೂ ಕಳೆ ಕೊಚ್ಚುವ ಯಂತ್ರಗಳ ದುರಸ್ತಿಯವರು, ಗೇರುಬೀಜ ಕಾರ್ಖಾನೆಗಳ ಯಂತ್ರಗಳನ್ನು ನೋಡಿಕೊಳ್ಳುವವರು ಪಿಕಪ್ ವಾಹನದಲ್ಲಿಯೇ ತಮ್ಮ ಅರ್ಧ ಕಾರ್ಯಾಗಾರವನ್ನು ಹೊತ್ತು ತಿರುಗುತ್ತಾರೆ. ಒಬ್ಬ ಪಂಪು ಫಿಟ್ಟರನ ಪೆಟ್ಟಿಗೆಯೊಳಗೆ ಪೈಪ್ ರೆಂಚುಗಳು, ಪೈಪ್ ಹಿಡಿಕೆಗಳು, ಚೈನ್ ಪುಲ್ಲಿ, ಮರೆ ಕೊರೆಯುವ ಡೈಗಳು, ಕೇಬಲ್ ಜೋಡಣೆಯ ಸಾಮಗ್ರಿ, ಅವಾಹಕ ಗುಣ ಪರೀಕ್ಷಿಸುವ ಮೆಗ್ಗರ್ ಇರುತ್ತವೆ. ಇವುಗಳ ಒಟ್ಟು ಮೌಲ್ಯ ಪೆಟ್ಟಿಗೆಯ ಬೆಲೆಯ ಹಲವು ಪಟ್ಟು. ಡೈಯ ಹಲ್ಲಿಗೆ ತುಕ್ಕು ಹಿಡಿದರೆ ಮರೆ ಸರಿಯಾಗಿ ಬೀಳದು. ಮೆಗ್ಗರಿನೊಳಗೆ ತೇವ ಸೇರಿದರೆ ಅದು ತೋರಿಸುವ ಅಂಕಿಯನ್ನು ನಂಬುವಂತಿಲ್ಲ. ಮಳೆಗಾಲದಲ್ಲಿ ಸದ್ದಿಲ್ಲದೆ ಹಿಡಿದ ತುಕ್ಕು ಕೈಕೊಡುವುದು ಮಾರ್ಚ್–ಏಪ್ರಿಲ್ ತಿಂಗಳಲ್ಲಿ, ಅಂದರೆ ಅಡಿಕೆ ತೋಟಕ್ಕೆ ನೀರು ನಿಂತರೆ ಕೃಷಿಕನು ಒಂದು ದಿನವೂ ಕಾಯಲಾರದ ಹೊತ್ತಿನಲ್ಲಿ. ಆಗ ಹೋಗುವುದು ಒಂದು ಡೈ ಮಾತ್ರವಲ್ಲ, ಗಿರಾಕಿಯೂ ಹೋಗುತ್ತಾನೆ.

ಇಲ್ಲಿನ ಹವೆ ಮತ್ತು ಇಲ್ಲಿನ ಸರಕು

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4,000 ಮಿ.ಮೀ. ಆಸುಪಾಸಿನಲ್ಲಿ ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ಒಳಗಿನ ನಾಲ್ಕು ತಿಂಗಳಲ್ಲಿ. ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಹತ್ತು ವರ್ಷ ಬಾಳಿದ ಪೆಟ್ಟಿಗೆ ಇಲ್ಲಿಯೂ ಅಷ್ಟೇ ಬಾಳುತ್ತದೆಂದು ಊಹಿಸುವುದು ತಪ್ಪಾಗುತ್ತದೆ. ಬೆಳುವಾಯಿ ಕಡಲಿನಿಂದ ಸಾಕಷ್ಟು ಒಳಗಿರುವುದರಿಂದ ಉಪ್ಪುಗಾಳಿಯ ಚಿಂತೆಯಿಲ್ಲವೆಂದು ಹೇಳುವವರಿದ್ದಾರೆ. ಮನೆಯ ಗೇಟಿಗೆ ಈ ಮಾತು ಒಪ್ಪಬಹುದು, ವಾಹನಕ್ಕೆ ಒಪ್ಪದು. ಇಂದು ಪಣಂಬೂರಿಗೆ, ನಾಳೆ ಮಲ್ಪೆಗೆ ಹೋಗಿಬರುವ ವಾಹನವು ಉಪ್ಪನ್ನು ತನ್ನೊಂದಿಗೆ ತರುತ್ತದೆ. ಬಿಡುವಿನ ದಿನ ಅದೇ ಟ್ರೇಯಲ್ಲಿ ಮೀನಿನ ಪೆಟ್ಟಿಗೆಯೋ ರಸಗೊಬ್ಬರದ ಚೀಲವೋ ಬಂದಿರುತ್ತದೆ. ಮೀನಿನ ಮಂಜುಗಡ್ಡೆಯಿಂದ ಇಳಿದ ಉಪ್ಪುನೀರು ಪೆಟ್ಟಿಗೆಯ ತಳದಡಿಯಲ್ಲಿ ನಿಂತರೆ ಕಡಲ ತೀರದಲ್ಲಿ ನಿಲ್ಲಿಸಿದ ವಾಹನಕ್ಕಿಂತ ಬೇಗ ತುಕ್ಕು ತಿನ್ನುತ್ತದೆ.

ಅಡಿಕೆ ಸೀಮೆಗೆ ಇನ್ನೊಂದು ವಿಶೇಷ ಅಪಾಯವಿದೆ. ಕೊಳೆರೋಗ ತಡೆಯಲು ಮಳೆಗಾಲದ ಮೊದಲು ಹಾಗೂ ನಡುವೆ ಬೋರ್ಡೋ ದ್ರಾವಣ ಸಿಂಪಡಿಸುವುದು ಎಲ್ಲರಿಗೂ ತಿಳಿದದ್ದೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ದ್ರಾವಣ ಹದವಾಗಿದೆಯೇ ಎಂದು ನೋಡಲು ಕೃಷಿಕರು ಹೊಳಪಿನ ಕತ್ತಿಯನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದೆಂದು ಅರ್ಥ. ಆ ಕತ್ತಿಗೆ ಆಗುವುದೇ ಪೆಟ್ಟಿಗೆಗೂ ಆಗುತ್ತದೆ. ಮೈಲುತುತ್ತಿನ ನೀರು ಕಬ್ಬಿಣ, ಸತು, ಅಲ್ಯೂಮಿನಿಯಂ ಮೂರನ್ನೂ ತಿನ್ನುತ್ತದೆ, ಸುಣ್ಣದ ನೀರು ಸತು ಮತ್ತು ಅಲ್ಯೂಮಿನಿಯಂಗೆ ಆಗದು. ಆದುದರಿಂದ ಸಿಂಪಡಣೆಯ ಸಾಮಗ್ರಿ ಸಾಗಿಸುವವರು ಎಷ್ಟೇ ಬೆಲೆಯ ಲೋಹದ ಪೆಟ್ಟಿಗೆ ಮಾಡಿಸಿದರೂ ಮೈಲುತುತ್ತು, ಪಂಪಿನ ನಳಿಗೆ, ಗನ್ ಇವುಗಳನ್ನು ಮುಚ್ಚಳವಿರುವ ಪ್ರತ್ಯೇಕ ಪ್ಲಾಸ್ಟಿಕ್ ಡಬ್ಬದಲ್ಲಿಯೇ ಇಡತಕ್ಕದ್ದು.

ಟ್ರೇಗೆ ಒಪ್ಪುವ ಆಕಾರ

ಪರದೇಶದ ಚಿತ್ರಗಳಲ್ಲಿ ಕಾಣುವ ಪೆಟ್ಟಿಗೆ ಟ್ರೇಯ ಎರಡು ಪಕ್ಕದ ಗೋಡೆಗಳ ಮೇಲೆ ಜೀನಿನಂತೆ ಅಡ್ಡಲಾಗಿ ಕುಳಿತಿರುತ್ತದೆ. ಅದನ್ನು ನೋಡಿ ಮಾಡಿಸಿಕೊಂಡವರು ಇಲ್ಲಿಯೂ ಇದ್ದಾರೆ. ಅಮೆರಿಕದ ಪಿಕಪ್‌ನ ಪಕ್ಕದ ಗೋಡೆಗಳು ಅಲುಗಾಡದ ಕಟ್ಟು. ನಮ್ಮ ಸರಕು ಪಿಕಪ್‌ಗಳಲ್ಲಿ ಮತ್ತು 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಮನೆಮಾತಾದ ಸಣ್ಣ ವಾಹನಗಳಲ್ಲಿ ಸಾಮಾನ್ಯವಾಗಿ ಮೂರು ಕಡೆಯ ಬಾಗಿಲುಗಳೂ ಕೆಳಗೆ ಮಡಚುತ್ತವೆ. ಜೀನು ಪೆಟ್ಟಿಗೆ ಕೂರಿಸಿದರೆ ಪಕ್ಕದ ಬಾಗಿಲು ತೆರೆಯದು. ಬಾಗಿಲು ತೆರೆಯದಿದ್ದರೆ ಸರಕು ಇಳಿಸುವ ಕೂಲಿ ಏರುತ್ತದೆ. ಇಲ್ಲಿ ಒಪ್ಪುವುದು ಕ್ಯಾಬಿನ್‌ನ ಹಿಂಬದಿಯ ಜಾಲರಿಗೆ ಒರಗಿ ನಿಲ್ಲುವ, ಪಕ್ಕದ ಬಾಗಿಲುಗಳನ್ನು ಮುಟ್ಟದಂತೆ ಎರಡೂ ಬದಿ ಸ್ವಲ್ಪ ಜಾಗ ಬಿಟ್ಟ ಪೆಟ್ಟಿಗೆ. ಲಾರಿಗಳಲ್ಲಿರುವಂತೆ ಚಾಸಿಯ ಪಕ್ಕ ಕೆಳಗೆ ತೂಗುವ ಪೆಟ್ಟಿಗೆ ಟ್ರೇಯ ಜಾಗ ಉಳಿಸುತ್ತದೆ ನಿಜ. ಆದರೆ ಮಳೆಗಾಲದಲ್ಲಿ ಚಕ್ರ ಎರಚುವ ಕೆಂಪು ಕೆಸರೆಲ್ಲ ಅದರ ಸಂದಿಗೆ ನುಗ್ಗುತ್ತದೆ. ಜಾಕ್, ಹಗ್ಗ, ಅಡ್ಡಗಟ್ಟೆಯಂಥವುಗಳಿಗೆ ಅದು ಸಾಕು. ಅಳೆಯುವ ಉಪಕರಣಗಳಿಗೆ ಸಲ್ಲದು.

ಅಳತೆ ನಿಗದಿ ಮಾಡುವಾಗ ತೂಕವನ್ನೂ ನೋಡಬೇಕು. 1,200 ಮಿ.ಮೀ. ಉದ್ದ, 450 ಮಿ.ಮೀ. ಅಗಲ, 450 ಮಿ.ಮೀ. ಎತ್ತರದ ಪೆಟ್ಟಿಗೆಗೆ ಸುಮಾರು 2.57 ಚದರ ಮೀಟರ್ ತಗಡು ಬೇಕು. 1.6 ಮಿ.ಮೀ. ಉಕ್ಕಿನಲ್ಲಿ ಅದು 32 ಕಿಲೋ, 2 ಮಿ.ಮೀ. ಅಲ್ಯೂಮಿನಿಯಂನಲ್ಲಿ 14 ಕಿಲೋ, 3 ಮಿ.ಮೀ. ಅಲ್ಯೂಮಿನಿಯಂನಲ್ಲಿ 21 ಕಿಲೋ ತೂಗುತ್ತದೆ. ಮಡಿಕೆ, ಆಂಗಲ್, ಬಿಜಾಗರಿಗಳ ತೂಕ ಬೇರೆ. 750 ಕಿಲೋ ಹೊರುವ ವಾಹನದಲ್ಲಿ ಉಕ್ಕಿನ ಪೆಟ್ಟಿಗೆಯೊಂದೇ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಭಾರವನ್ನು ನಿತ್ಯವೂ ನುಂಗುತ್ತದೆ. ಅದರೊಳಗೆ 100 ಕಿಲೋ ಸಲಕರಣೆ ತುಂಬಿದರೆ ಬಾಡಿಗೆ ಹುಟ್ಟುವ ಸರಕಿಗೆ ಉಳಿಯುವುದು ಎಷ್ಟೆಂದು ಮಾಲೀಕನೇ ಲೆಕ್ಕ ಹಾಕಿಕೊಳ್ಳಲಿ. ಪೆಟ್ಟಿಗೆ ಹಾಗೂ ಸಲಕರಣೆಯ ತೂಕ ವಾಹನದ ಒಟ್ಟು ಅನುಮತಿತ ತೂಕದೊಳಗೇ ಸೇರುತ್ತದೆ. ಅಧಿಕ ಭಾರಕ್ಕೆ ಮೋಟಾರು ವಾಹನ ಕಾಯ್ದೆಯ ಕಲಂ 194ರಲ್ಲಿ, 2019ರ ತಿದ್ದುಪಡಿಯ ನಂತರ, 20,000 ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ನಮೂದಾಗಿದೆ. ಚಾಸಿಗೆ ತೂತು ಕೊರೆಯುವುದು, ವೆಲ್ಡ್ ಮಾಡುವುದು, ವಾಹನದ ಹೊರ ಅಳತೆ ಬದಲಿಸುವುದು ಕಲಂ 52ರ ಮಾರ್ಪಾಡಿನ ಪ್ರಶ್ನೆಯನ್ನು ಎಬ್ಬಿಸಬಹುದು. ತಯಾರಕರ ವಾರಂಟಿಯ ಪ್ರಶ್ನೆ ಅದರ ಜತೆಗೇ ಬರುತ್ತದೆ. ಟ್ರೇಯ ತಳಕ್ಕೆ ಬೋಲ್ಟಿನಿಂದ ಬಿಗಿದು, ಬೇಕಾದಾಗ ಬಿಚ್ಚಬಹುದಾದ ಪೆಟ್ಟಿಗೆಯೇ ಕ್ಷೇಮ. ಇದಕ್ಕೆ ಇನ್ನೊಂದು ಕಾರಣ ಮುಂದೆ ಲೆಕ್ಕದ ಭಾಗದಲ್ಲಿ ಬರುತ್ತದೆ.

ಯಾವ ಲೋಹ?

ಬಣ್ಣ ಬಳಿದ ಮೆದು ಉಕ್ಕು ಅಗ್ಗ, ಯಾವ ವೆಲ್ಡರನೂ ಮಾಡಿಕೊಡಬಲ್ಲ, ಮುರಿದರೆ ಎಲ್ಲಿಯೂ ಜೋಡಿಸಬಹುದು. ಅದರ ಬಾಳಿಕೆ ಬಣ್ಣದ ಬಾಳಿಕೆಯಷ್ಟೇ. ರೆಡ್ ಆಕ್ಸೈಡ್ ಬಳಿದು ಮೇಲೆ ಎನಾಮಲ್ ಹೊಡೆದ ಪೆಟ್ಟಿಗೆಯಲ್ಲಿ, ಕೈ ತಲುಪದ ಒಳಮೂಲೆಯಿಂದ ತುಕ್ಕು ಆರಂಭವಾಗುತ್ತದೆ. ಪೌಡರ್ ಕೋಟಿಂಗ್ ನೋಡಲು ಅಂದ; ಆದರೆ ಮೊದಲು ಎಣ್ಣೆ ತೆಗೆದು ಫಾಸ್ಫೇಟ್ ಸಂಸ್ಕಾರ ಮಾಡದಿದ್ದರೆ ಅದು ಒಂದೆಡೆ ಏಟು ಬಿದ್ದ ಮೇಲೆ ಹಪ್ಪಳದಂತೆ ಏಳುತ್ತದೆ, ಒಳಗೆ ತುಕ್ಕು ಹರಡುವುದು ಹೊರಗೆ ಕಾಣುವುದೂ ಇಲ್ಲ.

ಸತು ಲೇಪಿಸಿದ ಜಿ.ಐ. ತಗಡಿನ ವಿಷಯದಲ್ಲಿ ವರ್ತಕರು ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಲೇಪ ಎಷ್ಟು ಗ್ರಾಮಿನದು? ಭಾರತೀಯ ಮಾನಕ ಐಎಸ್ 277ರಲ್ಲಿ ಲೇಪದ ದರ್ಜೆಗಳಿವೆ. 120 ಎಂದರೆ ತಗಡಿನ ಎರಡೂ ಮುಖ ಸೇರಿ ಚದರ ಮೀಟರಿಗೆ 120 ಗ್ರಾಂ ಸತು, ಅಂದರೆ ಒಂದು ಮುಖಕ್ಕೆ ಸುಮಾರು 8 ಮೈಕ್ರಾನ್. 275 ಎಂದರೆ ಸುಮಾರು 19 ಮೈಕ್ರಾನ್. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 9223ರ ಪ್ರಕಾರ ನಾಲ್ಕನೆಯ ವರ್ಗದ ಹವೆಯಲ್ಲಿ ಸತು ವರ್ಷಕ್ಕೆ 2.1ರಿಂದ 4.2 ಮೈಕ್ರಾನ್ ಸವೆಯುತ್ತದೆ. ಕರಾವಳಿಗೆ ನಿತ್ಯ ಓಡಾಡುವ ವಾಹನಕ್ಕೆ ಈ ವರ್ಗವನ್ನು ಹಿಡಿಯುವುದೇ ವಿವೇಕ. ಹಾಗೆ ಹಿಡಿದರೆ 120ರ ಲೇಪ ಎರಡರಿಂದ ನಾಲ್ಕು ವರ್ಷ, 275ರ ಲೇಪ ನಾಲ್ಕೂವರೆಯಿಂದ ಒಂಬತ್ತು ವರ್ಷ. ಮೇಲೆ ಬಣ್ಣವಿದ್ದರೆ ಇನ್ನೂ ಹೆಚ್ಚು. ಎರಡೂ ತಗಡು ಅಂಗಡಿಯಲ್ಲಿ ಒಂದೇ ರೀತಿ ಹೊಳೆಯುತ್ತವೆ, ಎರಡರ ಹೆಸರೂ ಜಿ.ಐ. ಎಂದೇ. ವೆಲ್ಡ್ ಮಾಡಿದ ಜಾಗದಲ್ಲಿ ಸತು ಸುಟ್ಟುಹೋಗುವುದರಿಂದ ಆ ಗೆರೆಗಳನ್ನು ಉಜ್ಜಿ ಸತು ತುಂಬಿದ ಪ್ರೈಮರ್ ಬಳಿಯದಿದ್ದರೆ ದುಬಾರಿ ತಗಡು ಹಾಕಿಯೂ ಫಲವಿಲ್ಲ.

ಗೀರು ಮಾದರಿಯ ಅಲ್ಯೂಮಿನಿಯಂ ತಗಡು ಹಗುರ, ಮಳೆಗೆ ಅಂಜುವುದಿಲ್ಲ. ಅದರ ಶತ್ರು ಮಳೆಯಲ್ಲ, ನೆರೆಯ ಲೋಹ. ಒದ್ದೆಯಾದ ಉಪ್ಪಿನ ನಡುವೆ ಅಲ್ಯೂಮಿನಿಯಂ, ಉಕ್ಕಿನ ಟ್ರೇಗೆ ನೇರವಾಗಿ ತಾಗಿದರೆ ವಿದ್ಯುತ್ಕೋಶದಂತೆ ವರ್ತಿಸಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಪೆಟ್ಟಿಗೆಯ ಕೆಳಗೆ ರಬ್ಬರ್ ಹಾಳೆ, ಬೋಲ್ಟುಗಳಿಗೆ ನೈಲಾನ್ ವಾಷರ್ ಮತ್ತು ಕೊಳವೆ ಹಾಕಿದರೆ ಈ ತೊಂದರೆ ತಪ್ಪುತ್ತದೆ. ನೂರಿನ್ನೂರು ರೂಪಾಯಿಯ ಸಾಮಾನು, ಆದರೆ ಹಾಕುವವರು ವಿರಳ.

ಸ್ಟೇನ್‌ಲೆಸ್ ಎಂಬ ಹೆಸರಿನಲ್ಲಿ ಮೋಸ ಹೋಗುವ ಸಂಭವ ಹೆಚ್ಚು. ನಿಕ್ಕಲ್ ಕಡಮೆಯಿರುವ 202 ದರ್ಜೆ ಕರಾವಳಿಯ ತೇವದಲ್ಲಿ ಕಂದು ಕಲೆ ಬಿಡುತ್ತದೆ. 304 ಅದಕ್ಕಿಂತ ಮೇಲು. ಆಯಸ್ಕಾಂತ ಹಿಡಿದು ನೋಡಿ ಒಳ್ಳೆಯದೆಂದು ನಿರ್ಧರಿಸುವುದು ರೂಢಿ. ಆದರೆ 202 ಮತ್ತು 304 ಎರಡೂ ಸಾಮಾನ್ಯವಾಗಿ ಆಯಸ್ಕಾಂತಕ್ಕೆ ಅಂಟುವುದಿಲ್ಲವಾದ ಕಾರಣ ಆ ಪರೀಕ್ಷೆ ಈ ಎರಡನ್ನು ಬೇರ್ಪಡಿಸಲಾರದು. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದೊಂದೇ ದಾರಿ. ಇಡೀ ಪೆಟ್ಟಿಗೆಗೆ ಸ್ಟೇನ್‌ಲೆಸ್ ಬೇಕೆಂದಿಲ್ಲ. ಬಿಜಾಗರಿಯ ಕಡ್ಡಿಗೆ, ಬೀಗದ ಕೊಂಡಿಗೆ 304 ಹಾಕಿಸಿದರೆ ಸಾಕು. ಪ್ಲಾಸ್ಟಿಕ್ ಪೆಟ್ಟಿಗೆಗೆ ತುಕ್ಕಿಲ್ಲ. ಆದರೆ ಬಿಸಿಲು ತಡೆಯುವ ಸಂಸ್ಕಾರವಿಲ್ಲದ್ದು ಕೆಲವೇ ವರ್ಷದಲ್ಲಿ ಸಿಡಿಯುತ್ತದೆ, ಬೀಗ ಗಟ್ಟಿಯಿದ್ದರೂ ಮುಚ್ಚಳವನ್ನೇ ಸರಳಿನಿಂದ ಮೀಟಬಹುದು.

ಪೆಟ್ಟಿಗೆ ಸಾಯುವುದು ಸಂದಿನಲ್ಲಿ

ತಗಡಿನ ದಪ್ಪದ ಬಗ್ಗೆ ಇಷ್ಟು ಚರ್ಚೆ ನಡೆಯುತ್ತದೆ. ಆದರೆ ಹಾಳಾದ ಪೆಟ್ಟಿಗೆಗಳನ್ನು ನೋಡಿದರೆ ತಗಡಿನ ನಡುಭಾಗ ಗಟ್ಟಿಯಾಗಿಯೇ ಉಳಿದಿದ್ದು, ಮೂಲೆ, ಬಿಜಾಗರಿ, ತೂತು, ತಳ ಇವೇ ಹೋಗಿರುತ್ತವೆ. 16 ಗೇಜಿನ ಬದಲು 14 ಗೇಜ್ ಹಾಕಿಸಿ ಹಣ ಕೊಡುವುದಕ್ಕಿಂತ ಅದೇ ಹಣವನ್ನು ಮುಚ್ಚಳದ ಕೆಲಸಕ್ಕೆ ಕೊಡುವುದು ಲಾಭಕರ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಇಳಿಜಾರು ಮಾಡನ್ನೂ ಹೊರಚಾಚಿದ ಅಂಚನ್ನೂ ನೋಡಿದವರಿಗೆ ಈ ನಾಡಿನ ಮಳೆಗೆ ಉತ್ತರವೇನೆಂದು ಬೇರೆ ಹೇಳಬೇಕಾಗಿಲ್ಲ. ಚಪ್ಪಟೆ ಮುಚ್ಚಳದಲ್ಲಿ ನೀರು ನಿಲ್ಲುತ್ತದೆ. ಹಿಂದಿನಿಂದ ಮುಂದಕ್ಕೆ ಒಂದಿಷ್ಟು ಇಳಿಜಾರು ಇರಬೇಕು. ಮುಚ್ಚಳದ ಅಂಚು ಪೆಟ್ಟಿಗೆಯ ಗೋಡೆಯಿಂದ ಹೊರಗೆ ಬಂದು ಕನಿಷ್ಠ ಒಂದಿಂಚು ಕೆಳಗೆ ಮಡಚಿರಬೇಕು. ಪೆಟ್ಟಿಗೆಯ ಬಾಯಂಚು ಒಳಗೆ ಮೇಲಕ್ಕೆ ಮಡಚಿ, ಅದರ ಮೇಲೆ ರಬ್ಬರ್ ಕೂರಬೇಕು. ರಬ್ಬರ್ ಮಳೆ ತಡೆಯುವ ಎರಡನೆಯ ಕಾವಲುಗಾರ ಮಾತ್ರ, ಮೊದಲನೆಯದು ಮಡಿಕೆ.

ಆ ರಬ್ಬರಿನಲ್ಲಿಯೂ ಜಾತಿಗಳಿವೆ. ಬಿಸಿಲು ಮಳೆಗೆ ಚೆನ್ನಾಗಿ ತಾಳುವ ಇಪಿಡಿಎಂ ರಬ್ಬರ್ ಡೀಸೆಲ್, ಎಂಜಿನ್ ಆಯಿಲ್ ತಾಗಿದರೆ ಉಬ್ಬುತ್ತದೆ. ಎಣ್ಣೆ ಮೆತ್ತಿದ ಯಂತ್ರದ ಭಾಗ ಒಯ್ಯುವವರು ನಿಯೋಪ್ರೀನ್ ಕೇಳಬೇಕು. ಬಿಜಾಗರಿಯನ್ನು ಎರಡು ತುಂಡಿನದಾಗಿ ಹಾಕಿಸದೆ ಉದ್ದಕ್ಕೂ ಒಂದೇ ಪಟ್ಟಿಯಾಗಿ ಹಾಕಿಸಿದರೆ ಮುಚ್ಚಳ ಸೊಟ್ಟಗಾಗುವುದಿಲ್ಲ, ಮೀಟುವುದೂ ಕಷ್ಟ. ಬೀಗ ಹೊರಗೆ ತೂಗಾಡುವ ಬದಲು ತಗಡಿನ ಗೂಡಿನೊಳಗೆ ಕೂರುವಂತಿದ್ದರೆ ಕತ್ತರಿಗೆ ಸಿಗದು. ಬೋಲ್ಟುಗಳ ತಲೆ ಪೆಟ್ಟಿಗೆಯ ಒಳಗಿರಬೇಕು, ಕೆಳಗಿನ ನಟ್ಟು ಸುಲಭದಲ್ಲಿ ತಿರುಗದ ಜಾತಿಯದಾಗಿರಬೇಕು. ಇಲ್ಲವಾದರೆ ಕಳ್ಳನು ಬೀಗದ ತಂಟೆಗೆ ಹೋಗದೆ ಪೆಟ್ಟಿಗೆಯನ್ನೇ ಹೊತ್ತೊಯ್ಯುತ್ತಾನೆ.

ಪೂರ್ತಿ ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆ ಒಳ್ಳೆಯದೆಂಬ ನಂಬಿಕೆ ಈ ಸೀಮೆಗೆ ಹೊಂದದು. ಆಷಾಢದಲ್ಲಿ ಒದ್ದೆ ಸಲಕರಣೆಯನ್ನು ಸಂಜೆ ಒಳಗೆಸೆದು ಬೀಗ ಹಾಕಿದರೆ ಆ ತೇವವೆಲ್ಲ ರಾತ್ರಿ ತಣ್ಣನೆಯ ತಗಡಿನ ಮೇಲೆ ಹನಿಗಟ್ಟಿ ಸಲಕರಣೆಯ ಮೇಲೇ ತೊಟ್ಟಿಕ್ಕುತ್ತದೆ. ತಳದ ಎರಡು ಮೂಲೆಗಳಲ್ಲಿ ಸಣ್ಣ ತೂತು, ಪಕ್ಕದಲ್ಲಿ ಮರೆಯಿರುವ ಗಾಳಿಕಿಂಡಿ, ಒಳಗೆ ತಳದಿಂದ ಎತ್ತರಿಸಿದ ಜಾಲರಿ ಹಲಗೆ ಬೇಕು. ಪೆಟ್ಟಿಗೆಯೂ ಟ್ರೇಯಿಂದ 15–20 ಮಿ.ಮೀ. ಮೇಲೆ ನಿಲ್ಲಬೇಕು. ಸಲಕರಣೆಯನ್ನು ಒರಸಿ ಇಡುವ ಬಟ್ಟೆಯೊಂದನ್ನು ಚಾಲಕನಿಗೆ ಕೊಡುವುದು ಇವೆಲ್ಲಕ್ಕಿಂತ ಅಗ್ಗದ ಉಪಾಯ.

ಖರ್ಚಿನ ಲೆಕ್ಕ

ಈಗ ಅಂಕಿಗಳನ್ನು ನೋಡಬಹುದು. ಇವು ಲೆಕ್ಕದ ರೀತಿ ತಿಳಿಯಲೆಂದು ಇಟ್ಟುಕೊಂಡವು, ಪೇಟೆಯ ದರವಲ್ಲ; ಓದುಗರು ತಮಗೆ ಬಂದ ದರಪಟ್ಟಿಯನ್ನು ಇದರ ಜಾಗದಲ್ಲಿ ಹಾಕಿಕೊಳ್ಳಬೇಕು. ಬಣ್ಣದ ಉಕ್ಕಿನ ಪೆಟ್ಟಿಗೆ 7,000 ರೂಪಾಯಿ, ಬಾಳಿಕೆ 3 ವರ್ಷ, ನಡುವೆ ಎರಡು ಸಲ ಬಣ್ಣಕ್ಕೆ 1,600 ರೂಪಾಯಿ. 275 ದರ್ಜೆಯ ಸತು ಲೇಪದ ಮೇಲೆ ಪೌಡರ್ ಕೋಟಿಂಗ್ ಮಾಡಿದ್ದು 13,000 ರೂಪಾಯಿ, 7 ವರ್ಷ, ರಬ್ಬರ್ ಮತ್ತು ಬೀಗ ಬದಲಿಗೆ 1,400 ರೂಪಾಯಿ. ಅಲ್ಯೂಮಿನಿಯಂನದು 24,000 ರೂಪಾಯಿ, 12 ವರ್ಷ, ದುರಸ್ತಿಗೆ 2,400 ರೂಪಾಯಿ, ಕೊನೆಗೆ ಗುಜರಿಗೆ 4,000 ರೂಪಾಯಿ ಬರುತ್ತದೆಂದು ಇಟ್ಟುಕೊಳ್ಳೋಣ.

ಬರಿಯ ಭಾಗಾಕಾರ ಮಾಡಿದರೆ ವರ್ಷಕ್ಕೆ ಕ್ರಮವಾಗಿ ಸುಮಾರು 2,867, 2,057, 1,867 ರೂಪಾಯಿ ಬೀಳುತ್ತದೆ. ಅಲ್ಯೂಮಿನಿಯಂ ಗೆದ್ದಿತೆಂದು ಮಾರಾಟಗಾರನು ತೋರಿಸುವ ಲೆಕ್ಕ ಇದು. ಆದರೆ ವರ್ತಕನ ಹಣಕ್ಕೆ ಬಡ್ಡಿಯಿದೆ. ದುಡಿಮೆ ಬಂಡವಾಳದ ಸಾಲಕ್ಕೆ ನೂರಕ್ಕೆ 12ರ ಬಡ್ಡಿಯೆಂದು ಹಿಡಿದು ಸಮ ವಾರ್ಷಿಕ ಕಂತಿನ ರೀತಿಯಲ್ಲಿ ಲೆಕ್ಕ ಹಾಕಿದರೆ ಉಕ್ಕಿಗೆ ಸುಮಾರು 3,450, ಸತು ಲೇಪದ್ದಕ್ಕೆ 3,050, ಅಲ್ಯೂಮಿನಿಯಂಗೆ 3,900 ರೂಪಾಯಿ ಆಗುತ್ತದೆ. ಕ್ರಮವೇ ಬದಲಾಯಿತು. ಕಡೆಯ ಸ್ಥಾನದಲ್ಲಿದ್ದ ಉಕ್ಕು ನಡುವೆ ಬಂತು, ಮೊದಲಿದ್ದ ಅಲ್ಯೂಮಿನಿಯಂ ಕಡೆಗೆ ಹೋಯಿತು. ಪಿಕಪ್ಪನ್ನು ಏಳೆಂಟು ವರ್ಷಕ್ಕೆ ಮಾರುವವನಿಗೆ ಹನ್ನೆರಡು ವರ್ಷದ ಪೆಟ್ಟಿಗೆಯ ಉಳಿದ ಆಯುಷ್ಯ ದಕ್ಕುವುದು, ಅದನ್ನು ಬಿಚ್ಚಿ ಮುಂದಿನ ವಾಹನಕ್ಕೆ ಕೂರಿಸುವಂತಿದ್ದರೆ ಮಾತ್ರ. ಬೋಲ್ಟಿನ ಪೆಟ್ಟಿಗೆಯ ಪರವಾಗಿ ಮೇಲೆ ಹೇಳಿದ ಇನ್ನೊಂದು ಕಾರಣ ಇದೇ.

ಅಲ್ಯೂಮಿನಿಯಂ ಎಂದಿಗೂ ಬೇಡವೆಂದು ಇದರ ಅರ್ಥವಲ್ಲ. ನಿತ್ಯವೂ ತುಂಬು ಭಾರ ಹೊರುವ ಸಣ್ಣ ವಾಹನದಲ್ಲಿ ಉಳಿಯುವ ಹದಿನೈದಿಪ್ಪತ್ತು ಕಿಲೋ ಬಾಡಿಗೆಯಾಗಿ ಮರಳಿ ಬರುತ್ತದೆ. ಆಗ ವರ್ಷಕ್ಕೆ 850 ರೂಪಾಯಿಯ ಅಂತರ ದೊಡ್ಡದಲ್ಲ. ಅರ್ಧ ಭಾರದಲ್ಲಿ ಓಡುವ ಸರ್ವೀಸ್ ವಾಹನಕ್ಕೆ ಆ ಸಮರ್ಥನೆ ಇಲ್ಲ. ಬೆಳುವಾಯಿಯ ಬಹುತೇಕ ದುರಸ್ತಿ ವಾಹನಗಳು ಈ ಎರಡನೆಯ ಗುಂಪಿಗೇ ಸೇರತಕ್ಕವು; ಅವುಗಳಿಗೆ ಗಟ್ಟಿ ಲೇಪದ ಸತು ತಗಡೇ ಯುಕ್ತ.

ಬಿಲ್ಲು ಮತ್ತು ತೆರಿಗೆ

ಸರಕು ಸಾಗಣೆಯ ವಾಹನಕ್ಕೆ ಕೂರಿಸಿದ ಪೆಟ್ಟಿಗೆಯ ಮೇಲೆ ಕೊಟ್ಟ ಜಿಎಸ್‌ಟಿಗೆ, ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತನಾಗಿ ತೆರಿಗೆಗೊಳಪಟ್ಟ ವ್ಯವಹಾರ ನಡೆಸುವ ವರ್ತಕನು ಇನ್‌ಪುಟ್ ತೆರಿಗೆ ಜಮೆ ಪಡೆಯಬಹುದು. ಕಾಂಪೊಸಿಷನ್ ಎಂದು ಕರೆಯುವ ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಮೇಲಿನ 13,000 ರೂಪಾಯಿಯ ಪೆಟ್ಟಿಗೆಗೆ ನೂರಕ್ಕೆ 18ರಂತೆ ತೆರಿಗೆ ಸೇರಿ ಬಿಲ್ಲು 15,340 ಆಗುತ್ತದೆ. ನೋಂದಣಿಯಿಲ್ಲದ ಶಾಪಿನವನು 14,000ಕ್ಕೆ ಮಾಡಿಕೊಡುತ್ತೇನೆಂದರೆ ಅದು ಅಗ್ಗವೆಂದು ತೋರುತ್ತದೆ. ಜಮೆ ಪಡೆಯುವವನಿಗೆ ಮೊದಲನೆಯದು ಸಾವಿರ ರೂಪಾಯಿ ಅಗ್ಗ. ಪಡೆಯದವನಿಗೆ ಎರಡನೆಯದು 1,340 ರೂಪಾಯಿ ಅಗ್ಗ. ಇಬ್ಬರಿಗೂ ಒಂದೇ ಸಲಹೆ ಕೊಡಲಾಗದು. ಜಮೆ ಪಡೆದ ತೆರಿಗೆಯ ಮೊತ್ತವನ್ನು ಬಿಟ್ಟು ಉಳಿದುದರ ಮೇಲೆ ಮಾತ್ರ ಸವಕಳಿ ಲೆಕ್ಕ ಹಾಕತಕ್ಕದ್ದು.

ನಗದಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಸ್ವತ್ತೊಂದನ್ನು ಕೊಳ್ಳಲು ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟರೆ ಆ ಖರ್ಚು ಆದಾಯ ತೆರಿಗೆಯಲ್ಲಿ ಸ್ವತ್ತಿನ ಬೆಲೆಗೆ ಸೇರುವುದಿಲ್ಲ, ಅಂದರೆ ಅದರ ಮೇಲೆ ಸವಕಳಿಯೂ ಸಿಗದು. ಬ್ಯಾಂಕ್ ಮೂಲಕವೋ ಯುಪಿಐ ಮೂಲಕವೋ ಕೊಟ್ಟರೆ ಈ ತೊಡಕಿಲ್ಲ. ವರ್ಷದಲ್ಲಿ 180 ದಿನಕ್ಕಿಂತ ಕಡಮೆ ಬಳಸಿದ ಸ್ವತ್ತಿಗೆ ಆ ವರ್ಷ ಅರ್ಧ ಸವಕಳಿ ಮಾತ್ರ. ಮೇ ತಿಂಗಳಲ್ಲಿ, ಮಳೆ ಬರುವ ಮೊದಲು ಮಾಡಿಸುವುದು ಸಲಕರಣೆಗೂ ಲೆಕ್ಕಪತ್ರಕ್ಕೂ ಒಂದೇ ಸಮ ಅನುಕೂಲ. ಬಾಡಿಗೆಗೆ ಓಡಿಸುವ ಸರಕು ವಾಹನಗಳಿಗೆ ನೂರಕ್ಕೆ 30ರ ದರವೂ, ಸ್ವಂತ ವ್ಯಾಪಾರಕ್ಕೆ ಬಳಸುವ ಸರಕು ವಾಹನ ಹಾಗೂ ಸಾಮಾನ್ಯ ಯಂತ್ರೋಪಕರಣಗಳಿಗೆ 15ರ ದರವೂ ಅನ್ವಯಿಸುತ್ತವೆ. ಹತ್ತಕ್ಕಿಂತ ಹೆಚ್ಚಿಲ್ಲದ ಸರಕು ವಾಹನಗಳನ್ನಿಟ್ಟು ವಾಹನವೊಂದಕ್ಕೆ ತಿಂಗಳಿಗಿಷ್ಟೆಂದು ಅಂದಾಜು ಆದಾಯ ಘೋಷಿಸುವವರಿಗೆ ಪೆಟ್ಟಿಗೆಯ ಖರ್ಚನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲ. 1961ರ ಕಾಯ್ದೆಯ ಕಲಂ 44ಎಇ ಅಡಿಯಲ್ಲಿದ್ದ ಈ ಪದ್ಧತಿ 2025ರ ಹೊಸ ಕಾಯ್ದೆಯಲ್ಲಿಯೂ ಮುಂದುವರಿದಿದೆ.

ಬಿಲ್ಲಿನಲ್ಲಿ ಬರಿದೆ "ಬಾಕ್ಸ್ ಒಂದು" ಎಂದು ಬರೆಸಿಕೊಳ್ಳುವ ರೂಢಿಯನ್ನು ಬಿಡಬೇಕು. ತಗಡಿನ ಜಾತಿ, ದಪ್ಪ, ಲೇಪದ ದರ್ಜೆ, ಅಳತೆ, ವಾಹನದ ನೋಂದಣಿ ಸಂಖ್ಯೆ ಇವಿಷ್ಟು ಬಿಲ್ಲಿನಲ್ಲಿದ್ದರೆ ತೆರಿಗೆ ಅಧಿಕಾರಿಗೂ ಮಾಡಿದವನೊಡನೆ ತಕರಾರು ಬಂದಾಗಲೂ ವಿಮಾ ಸಮೀಕ್ಷಕನಿಗೂ ಅದೇ ದಾಖಲೆ ಸಾಕಾಗುತ್ತದೆ.

ವಿಮೆಯ ಕುರಿತು ತಪ್ಪು ತಿಳಿವಳಿಕೆ ಬಹಳ. ವಾಹನದ ಪೂರ್ಣ ವಿಮೆಯಿದ್ದರೆ ಪೆಟ್ಟಿಗೆಯೊಳಗಿನ ಸಲಕರಣೆಗೂ ರಕ್ಷಣೆಯಿದೆಯೆಂದು ಹಲವರು ನಂಬಿರುತ್ತಾರೆ. ವಾಣಿಜ್ಯ ವಾಹನಗಳ ಪಾಲಿಸಿಯಲ್ಲಿ ವಾಹನದೊಂದಿಗೇ ಕಳವಾದ ಹೊರತು ಬಿಡಿಭಾಗ, ಜೋಡಣೆಗಳ ಕಳವಿಗೆ ಸಾಮಾನ್ಯವಾಗಿ ಪರಿಹಾರವಿರುವುದಿಲ್ಲ. ಒಳಗಿನ ಸಲಕರಣೆಯಂತೂ ವಾಹನದ ಭಾಗವೇ ಅಲ್ಲ. ಪೆಟ್ಟಿಗೆಯನ್ನು ಕೂರಿಸಿದ ಮೇಲೆ ಅದರ ಮೌಲ್ಯವನ್ನು ಪಾಲಿಸಿಯಲ್ಲಿ ನಮೂದಿಸಲು ಕೋರಿ ವಿಮಾ ಕಂಪನಿಗೆ ಬರೆಯಬೇಕು. ಸಲಕರಣೆಗೆ, ಸಾಗಿಸಬಹುದಾದ ಉಪಕರಣಗಳಿಗೆಂದು ಇರುವ ಪ್ರತ್ಯೇಕ ಪಾಲಿಸಿಯನ್ನು ವಿಚಾರಿಸಿ, ರಾತ್ರಿ ವಾಹನದಲ್ಲಿಯೇ ಬಿಟ್ಟ ಸಾಮಾನಿಗೆ ಅದು ಅನ್ವಯಿಸುತ್ತದೆಯೇ ಎಂಬ ಷರತ್ತನ್ನು ಮೊದಲು ಓದಬೇಕು. ಸಲಕರಣೆಗಳ ಪಟ್ಟಿ, ಕೊಂಡ ಬಿಲ್ಲು, ಮೆಗ್ಗರ್‌ನಂತಹ ಉಪಕರಣಗಳ ಕ್ರಮಸಂಖ್ಯೆ, ಮುಚ್ಚಳ ತೆರೆದಿಟ್ಟು ತೆಗೆದ ಒಂದೆರಡು ಚಿತ್ರ, ಇವು ಪೆಟ್ಟಿಗೆಯಲ್ಲಿರದೆ ಕಚೇರಿಯ ಕಡತದಲ್ಲಿರಬೇಕು.